ಭೂವಿಜ್ಞಾನದವರ ಅಧ್ಯಾಯ

ವಿಶ್ವವಿದ್ಯಾಲಯದ ಮಾನ್ಯತೆಯ ಅವಧಿ ಮುಗಿಯುತ್ತಾ ಬಂದಾಗ ಅದನ್ನು ನವೀಕರಿಸುವ ಕೆಲಸ ಸಂಖ್ಯಾಶಾಸ್ತ್ರದ ಮೇಷ್ಟ್ರ ಹೆಗಲಿಗೆ ಬಿತ್ತು. ಪ್ರತಿಯೊಂದು ವಿಭಾಗವೂ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಏನು ಚೆನ್ನಾಗಿದೆ, ಏನು ಸರಿಯಿಲ್ಲ ಎಂದು ಒಂದು ಅಧ್ಯಾಯ ಬರೆದುಕೊಡಬೇಕು. ಮೇಷ್ಟ್ರು ಅವನ್ನೆಲ್ಲ ಕೂಡಿಸಿ ಸ್ವ-ಅಧ್ಯಯನ ವರದಿ ಎಂದು ಮಾನ್ಯತಾ ಮಂಡಳಿಗೆ ಕಳಿಸಬೇಕು. ಆಮೇಲೆ ಮಂಡಳಿಯ ತಂಡ ಬಂದು, ಬರೆದದ್ದಕ್ಕೂ ಇರುವುದಕ್ಕೂ ತಾಳೆ ನೋಡುತ್ತದೆ.

ಕುಲಪತಿಗಳು ಮೇಷ್ಟ್ರನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಮೇಷ್ಟ್ರು ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ತರಕಾರಿ ಅಂಗಡಿಯಲ್ಲಿ ತಕ್ಕಡಿಯ ಕೆಳಗೆ ಬಗ್ಗಿ ನೋಡುವವರು, ಬಸ್ಸಿನಲ್ಲಿ ಪಕ್ಕದವರು ನಿದ್ದೆಹೋದರೆ ನಿಜವಾದ ನಿದ್ದೆಯೇ ಎಂದು ಓರೆಗಣ್ಣಿನಲ್ಲಿ ಪರೀಕ್ಷಿಸುವವರು. ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಭೂತಗನ್ನಡಿ’ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಹೆಸರಿಟ್ಟವರು ಯಾರೆಂಬುದು ಮಾತ್ರ ಇನ್ನೂ ಪತ್ತೆಯಾಗಿರಲಿಲ್ಲ.

ಮದುವೆಯ ಗೋಜಿಗೆ ಹೋಗದ ಅವರು, ಅದೇ ಗೋಜಿಗೆ ಹೋಗದ ಅಕ್ಕನ ಜೊತೆ ಮೂರನೆಯ ಮಹಡಿಯ ಮನೆಯಲ್ಲಿದ್ದರು. ಅಕ್ಕ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದು ನಿವೃತ್ತರಾದವರು. ಅಧ್ಯಾಯಗಳು ಬರತೊಡಗಿದಾಗ ಕಾಗುಣಿತ ನೋಡಿಕೊಡುವುದಾಗಿ ತಾವೇ ಮುಂದೆ ಬಂದರು. ಸಂಜೆ ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ ಓದುತ್ತಿದ್ದರು.

“ಎಲ್ಲರೂ ಒಂದೇ ದರ್ಜಿ ಹತ್ರ ಹೊಲಿಸಿಕೊಂಡ ಹಾಗಿದೆ ಕಣೋ,” ಎಂದರು ಒಂದು ದಿನ. “ಇವರದೂ ‘ಉತ್ಕೃಷ್ಟ’, ಅವರದೂ ‘ಉತ್ಕೃಷ್ಟ’. ಕೊರತೆ ಏನಪ್ಪಾ ಅಂದ್ರೆ, ‘ನಮ್ಮ ಸಾಧನೆಗೆ ಸಾಕಷ್ಟು ಪ್ರಚಾರ ಸಿಕ್ಕಿಲ್ಲ’. ಇದೊಂದು ಕೊರತೆನಾ?”

“ಎಲ್ಲ ಕಡೆ ಹೀಗೇ ಬರೆಯೋದು ಅಕ್ಕ. ಓದೋರಿಗೂ ಗೊತ್ತಿರುತ್ತೆ.”

ಕಡೆಗೆ ಬಂದದ್ದು ಭೂವಿಜ್ಞಾನದವರ ಅಧ್ಯಾಯ. ಅದನ್ನು ಓದುತ್ತಾ ಅಕ್ಕನಿಗೆ ಕಾಫಿ ಆರಿಹೋದದ್ದೂ ತಿಳಿಯಲಿಲ್ಲ. ಮುಗಿಸಿ, ತಮ್ಮನ ಮುಂದೆ ತಳ್ಳಿದರು. “ಇದನ್ನ ನೋಡು. ಈಯಮ್ಮ ಯಾರೋ ಬಾಯಿಬಿಟ್ಟು ಮಾತಾಡಿದ್ದಾಳೆ.”

ಮೇಷ್ಟ್ರು ಓದಿದರು. ‘ನಮ್ಮ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಗಳು ಸಾಲದು. ಇಬ್ಬರು ನೋಡುವಾಗ ಉಳಿದವರು ಗೋಡೆ ನೋಡುತ್ತಾರೆ. ಕಳೆದ ವರ್ಷ ಕ್ಷೇತ್ರ ಪ್ರವಾಸ ನಡೆಯಲಿಲ್ಲ. ನಡೆಯಿತೆಂದು ಹಿಂದಿನ ವಾರ್ಷಿಕ ವರದಿಯಲ್ಲಿ ಬರೆದಿರುವುದು ತಪ್ಪು. ಕಲ್ಲು ಕೊಯ್ಯುವ ಯಂತ್ರಕ್ಕೆ ರಕ್ಷಣೆಯ ಮುಚ್ಚಳವಿಲ್ಲ. ವಿದ್ಯಾರ್ಥಿನಿಯೊಬ್ಬಳಿಗೆ ಗಾಯವಾಗಿದೆ. ನಮ್ಮಲ್ಲಿ ಇಬ್ಬರು ಅಧ್ಯಾಪಕರು ಚೆನ್ನಾಗಿ ಪಾಠ ಮಾಡುತ್ತಾರೆ. ನಾನು ಆ ಇಬ್ಬರಲ್ಲಿ ಒಬ್ಬಳಲ್ಲ.’

ಕೆಳಗೆ ವಿಭಾಗದ ಮುಖ್ಯಸ್ಥೆಯ ಸಹಿ. ಎಲ್ಲರೂ ಆಕೆಯನ್ನು ‘ಕಲ್ಲು ಮೇಡಂ’ ಎನ್ನುತ್ತಿದ್ದರು. ಮೆತ್ತಗೆ ಮಾತಾಡುವ, ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂರುವ ಹೆಂಗಸು. ಮುಖ್ಯಸ್ಥೆಯಾಗಿ ಹೆಚ್ಚು ದಿನವಾಗಿರಲಿಲ್ಲ.

“ಇದರಲ್ಲಿ ಏನೋ ಇದೆ,” ಎಂದರು ಮೇಷ್ಟ್ರು.

“ಏನಿದೆ? ಇರೋದನ್ನ ಬರೆದಿದ್ದಾಳೆ.”

“ಅದೇ ಅಕ್ಕ. ಯಾರು ಹಾಗೆ ಬರೀತಾರೆ? ತನ್ನ ತಲೆ ಮೇಲೇ ಕಲ್ಲು ಹಾಕಿಕೊಳ್ಳೋದಕ್ಕೆ ಯಾರಿಗಾದರೂ ಏನಾದರೂ ಕಾರಣ ಇರಬೇಕಲ್ವಾ?”

ಅಕ್ಕ ಆರಿದ ಕಾಫಿಯನ್ನು ಬಚ್ಚಲಿಗೆ ಚೆಲ್ಲಲು ಎದ್ದರು. “ನಿನ್ನ ಹತ್ರ ಯಾರಾದ್ರೂ ‘ಹಸಿವಾಗ್ತಿದೆ’ ಅಂದ್ರೂ ಹಿಂದೆ ಯಾರಿದ್ದಾರೆ ಅಂತ ನೋಡ್ತೀಯ.”

ಮಾರನೆಯ ದಿನ ಕುಲಪತಿಗಳ ಕೊಠಡಿಯಲ್ಲಿ ಮಾತ್ರ ಮೇಷ್ಟ್ರ ಅನುಮಾನಕ್ಕೆ ಮರ್ಯಾದೆ ಸಿಕ್ಕಿತು. ಕುಲಪತಿಗಳು ಅಧ್ಯಾಯ ಓದಿ, ಮೇಜಿನ ಮೇಲಿಟ್ಟು, ಅದು ಬಿಸಿಯಾಗಿದೆಯೇನೋ ಎಂಬಂತೆ ಬೆರಳ ತುದಿಯಿಂದ ದೂರ ಸರಿಸಿದರು.

“ಇವರ ಹಿಂದೆ ಯಾರೋ ಇದ್ದಾರೆ. ಯಾರು ಅಂತ ನೋಡಿ. ಆಮೇಲೆ ಇದನ್ನ ಸ್ವಲ್ಪ ಹದ ಮಾಡಿ. ಸುಳ್ಳು ಬರೆಯಿರಿ ಅಂತಲ್ಲ. ಹದ ಮಾಡಿ.”

ಹೊರಗೆ ಬಂದರೆ ವಾಣಿಜ್ಯ ವಿಭಾಗದ ಮುಖ್ಯಸ್ಥರು ಕಾದು ನಿಂತಿದ್ದರು. ವಿಶ್ವವಿದ್ಯಾಲಯದಲ್ಲಿ ಏನು ನಡೆದರೂ ನಡೆಯುವ ಮೊದಲೇ ಅವರ ಕಿವಿಗೆ ಬೀಳುತ್ತಿತ್ತು. ಮೇಷ್ಟ್ರನ್ನು ಮೆಟ್ಟಿಲಿನ ಮೂಲೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

“ಕಲ್ಲು ಮೇಡಂ ವಿಷಯ ತಾನೆ? ಅವರ ಯಜಮಾನರು ಎಲ್ಲಿ ಕೆಲಸ ಮಾಡೋದು ಅಂತ ಗೊತ್ತಾ ಸಾರ್? ಮಾನ್ಯತಾ ಮಂಡಳಿಯಲ್ಲಿ ಅಂತಾರಪ್ಪ. ನಾನು ಹೇಳಿದೆ ಅನ್ನಬೇಡಿ.”

ಮೇಷ್ಟ್ರ ತಲೆಯೊಳಗೆ ಹುಳ ಹೊಕ್ಕಿತು. ಗಂಡ ಮಂಡಳಿಯಲ್ಲಿದ್ದರೆ ಲೆಕ್ಕ ಸರಿಹೋಗುತ್ತದೆ. ಹೆಂಡತಿ ಇಲ್ಲಿಂದ ತೆರೆದಿಡುವುದು, ಗಂಡ ಅಲ್ಲಿಂದ ಹಿಡಿಯುವುದು. ಕುಲಪತಿಗಳನ್ನು ಇಳಿಸುವುದಕ್ಕೋ, ಮೇಡಂ ತಾವೇ ಮೇಲೇರುವುದಕ್ಕೋ ಗೊತ್ತಿಲ್ಲ. ಆದರೂ ಅವರು ಸಂಖ್ಯಾಶಾಸ್ತ್ರದವರು. ವಾಣಿಜ್ಯದವರ ಮಾತನ್ನು ಒಂದೇ ಸಾಕ್ಷಿಯ ಮೇಲೆ ಒಪ್ಪುವ ಹಾಗಿರಲಿಲ್ಲ. ಮಧ್ಯಾಹ್ನ ಮುನ್ಸೂಚನೆ ಕೊಡದೆ ಭೂವಿಜ್ಞಾನ ವಿಭಾಗಕ್ಕೆ ಹೋದರು.

ವಿಭಾಗವಿದ್ದದ್ದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ. ಓಣಿಯ ಎರಡೂ ಬದಿಗೆ ಗಾಜಿನ ಕಪಾಟುಗಳು, ಒಳಗೆ ಚೀಟಿ ಅಂಟಿಸಿದ ಕಲ್ಲುಗಳು. ಪ್ರಯೋಗಾಲಯದಲ್ಲಿ ಎರಡು ಸೂಕ್ಷ್ಮದರ್ಶಕಗಳ ಮುಂದೆ ಇಬ್ಬರು ಬಗ್ಗಿದ್ದರು. ಉಳಿದವರು ಗೋಡೆ ನೋಡುತ್ತಿದ್ದರು. ಮೇಷ್ಟ್ರಿಗೆ ಅದು ಕೂಡ ತಮಗಾಗಿ ಏರ್ಪಡಿಸಿದ ಹಾಗೆ ಕಂಡಿತು.

ಕಲ್ಲು ಮೇಡಂ ಕೈಯ ಪುಡಿ ಒರೆಸಿಕೊಳ್ಳುತ್ತಾ ಬಂದರು. “ಬನ್ನಿ ಸಾರ್. ಏನಾದರೂ ತಪ್ಪಾಗಿತ್ತಾ ಅಧ್ಯಾಯದಲ್ಲಿ?”

“ತಪ್ಪೇನಿಲ್ಲ. ಇಷ್ಟು ಬಿಚ್ಚಿ ಬರೆದಿದ್ದೀರಲ್ಲ, ಅದಕ್ಕೇ ಬಂದೆ.”

“ನೀವೇ ಸುತ್ತೋಲೆ ಕಳಿಸಿದ್ರಲ್ಲ ಸಾರ್. ಕುಂದುಕೊರತೆಗಳನ್ನ ಮುಚ್ಚಿಡದೆ ಬರೆಯಿರಿ ಅಂತ.”

“ಸುತ್ತೋಲೆಯಲ್ಲಿ ಹಾಗೇ ಬರೆಯೋದು, ಮೇಡಂ.”

ಮೇಷ್ಟ್ರು ಕಲ್ಲು ಕೊಯ್ಯುವ ಯಂತ್ರ ತೋರಿಸಿ ಎಂದರು. ಅದು ಪಕ್ಕದ ಕಿರುಕೋಣೆಯಲ್ಲಿತ್ತು. ದುಂಡನೆಯ ಅಲಗು, ಅದರ ಮೇಲೆ ನೀರು ಬೀಳಲು ಒಂದು ಕೊಳವೆ. ಮುಚ್ಚಳ ಇರಬೇಕಾದ ಕಡೆ ಖಾಲಿ ತೂತುಗಳು. ಮೇಷ್ಟ್ರು ಪ್ರತಿಯೊಂದು ತೂತನ್ನೂ ಬಗ್ಗಿ ನೋಡಿದರು. ಯಾರಾದರೂ ಈಚೆಗೆ ಬಿಚ್ಚಿದ್ದರೆ ಹೊಸ ಗೀರು ಇರಬೇಕು. ಇರಲಿಲ್ಲ. ತೂತುಗಳಿಗೆ ತುಕ್ಕು ಹಿಡಿದಿತ್ತು.

“ನಿಮ್ಮ ಯಜಮಾನರು ಏನು ಮಾಡ್ತಾರೆ?” ಎಂದರು, ಬಗ್ಗಿದ್ದಲ್ಲಿಂದಲೇ, ತೀರಾ ಸಹಜವಾಗಿ ಕೇಳಿದವರಂತೆ.

“ಈಜು ಕಲಿಸ್ತಾರೆ ಸಾರ್. ನಗರಸಭೆ ಕೊಳದಲ್ಲಿ. ಯಾಕೆ?”

“ಸುಮ್ಮನೆ.”

ಮೇಷ್ಟ್ರು ಸುಮ್ಮನಾಗಲಿಲ್ಲ. ಸಂಜೆ ಮನೆಗೆ ಹೋಗುವ ದಾರಿ ಬಿಟ್ಟು ನಗರಸಭೆಯ ಈಜುಕೊಳಕ್ಕೆ ಹೋಗಿ, ತಂತಿ ಬೇಲಿಯ ಹೊರಗೆ ನಿಂತು ನೋಡಿದರು. ಡೊಳ್ಳುಹೊಟ್ಟೆಯ ಮನುಷ್ಯನೊಬ್ಬ ಕತ್ತಿಗೆ ಸೀಟಿ ನೇತುಹಾಕಿಕೊಂಡು, ನೀರಿನಲ್ಲಿ ಒದ್ದಾಡುತ್ತಿದ್ದ ಮಕ್ಕಳಿಗೆ “ಕಾಲು, ಕಾಲು, ಕಾಲು” ಎನ್ನುತ್ತಿದ್ದ. ಪಕ್ಕದ ಬೆಂಚಿನ ಮೇಲೆ ಪುಸ್ತಕ ಹಿಡಿದು ಕಲ್ಲು ಮೇಡಂ ಕೂತಿದ್ದರು. ಅವರು ತಲೆಯೆತ್ತುವಷ್ಟರಲ್ಲಿ ಮೇಷ್ಟ್ರು ಬಸ್ ನಿಲ್ದಾಣದ ಹಿಂದೆ ಸರಿದರು.

ಇನ್ನು ಯಾರಾದರೂ ಆಗಿದ್ದರೆ ಇಷ್ಟಕ್ಕೇ ನಂಬುತ್ತಿದ್ದರು. ಮೇಷ್ಟ್ರಿಗೆ ಅನುಮಾನ ಇನ್ನೂ ಬಲಿಯಿತು. ಬರೆದದ್ದೆಲ್ಲ ನಿಜ, ಗಂಡನೂ ಲೆಕ್ಕಕ್ಕಿಲ್ಲ. ಹಾಗಾದರೆ ಏನು? ಊಟ ಮಾಡುತ್ತಾ ಯೋಚಿಸಿದರು, ಪಾಠ ಮಾಡುತ್ತಾ ಯೋಚಿಸಿದರು. ಕಪ್ಪು ಹಲಗೆಯ ಮೇಲೆ ಒಂದು ಸಮೀಕರಣವನ್ನು ಅರ್ಧ ಬರೆದು ಹಾಗೇ ನಿಂತರೆ, ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಡೆಗೆ ಅಧ್ಯಾಯವನ್ನು ಹದ ಮಾಡಲು ಕೂತರು. ‘ಸೂಕ್ಷ್ಮದರ್ಶಕಗಳು ಸಾಲದು’ ಎಂಬುದನ್ನು ಹೊಡೆದು ‘ಸೂಕ್ಷ್ಮದರ್ಶಕಗಳ ಸಂಖ್ಯೆಯನ್ನು ಹೆಚ್ಚಿಸುವ ಚಿಂತನೆಯಿದೆ’ ಎಂದು ಬರೆದರು. ‘ಗಾಯವಾಗಿದೆ’ ಎಂಬಲ್ಲಿಗೆ ಬಂದಾಗ ಕೈ ನಿಂತಿತು.

“ಅಕ್ಕ, ಆಕೆ ಇದರ ಇನ್ನೊಂದು ಪ್ರತೀನ ಮೊದಲೇ ಮಂಡಳಿಗೆ ಕಳಿಸಿಬಿಟ್ಟಿದ್ರೆ?”

ಅಕ್ಕ ಬಟ್ಟೆ ಮಡಚುತ್ತಿದ್ದರು. “ಕಳಿಸಿದ್ರೆ ಏನೀಗ?”

“ನಾನು ತಿದ್ದಿ ಕಳಿಸ್ತೀನಿ. ಅವರ ಕೈಲಿ ತಿದ್ದದೇ ಇರೋದು ಇರುತ್ತೆ. ಎರಡನ್ನೂ ಪಕ್ಕ ಪಕ್ಕ ಇಟ್ಟು, ಯಾರು ಹೊಡೆದುಹಾಕಿದ್ದು ಅಂತ ಕೇಳ್ತಾರೆ. ಆಗ ಸಿಕ್ಕಿಬೀಳೋನು ನಾನು. ಕುಲಪತಿ ‘ಹದ ಮಾಡಿ’ ಅಂದದ್ದಕ್ಕೆ ಸಾಕ್ಷಿ ಏನಿದೆ?” ಹೇಳುತ್ತಾ ಹೇಳುತ್ತಾ ಅವರಿಗೆ ಅದೇ ಖಾತ್ರಿಯಾಯಿತು. “ಬೋನು ಇಟ್ಟಿದ್ದೇ ನನಗೆ.”

“ಹಾಗಾದ್ರೆ ತಿದ್ದಬೇಡ,” ಎಂದರು ಅಕ್ಕ, ದಿಂಬಿನ ಚೀಲವೊಂದನ್ನು ಕೊಡವುತ್ತಾ.

ಮೇಷ್ಟ್ರು ತಿದ್ದಲಿಲ್ಲ. ಬೋನಿಗೆ ಬೀಳಬಾರದೆಂದು ಭೂವಿಜ್ಞಾನದವರ ಅಧ್ಯಾಯವನ್ನು ಒಂದಕ್ಷರ ಅಲುಗಿಸದೆ ಸೇರಿಸಿದರು. ಕುಲಪತಿಗಳು ಅಷ್ಟು ದೊಡ್ಡ ವರದಿಯನ್ನು ಪೂರ್ತಿ ಓದುವವರಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮುನ್ನುಡಿಯ ಕೆಳಗೆ ಕುಲಪತಿಗಳ ಸಹಿ ಬಿತ್ತು, ವರದಿ ಹೋಯಿತು.

ತಂಡ ಬಂದದ್ದು ಚಳಿಗಾಲದಲ್ಲಿ. ಮೂವರು. ಅವರಲ್ಲಿ ಹಿರಿಯರಾದ ನೀಳ ಮೂಗಿನ ಹೆಂಗಸು ಕಾಫಿಯನ್ನೂ ಮುಟ್ಟದೆ, “ಮೊದಲು ಭೂವಿಜ್ಞಾನಕ್ಕೆ ಹೋಗೋಣ,” ಎಂದರು. ಕುಲಪತಿಗಳು ತಿರುಗಿ ನೋಡಿದ ನೋಟ ತಪ್ಪಿಸಿ ಮೇಷ್ಟ್ರು ಬಾಗಿಲ ಕಡೆ ನಡೆದರು. ಮೇಡಂ ಕಳಿಸಿದ ಪ್ರತಿ ಮೊದಲೇ ಹೋಗಿತ್ತು ಎಂದುಕೊಂಡರು. ನನ್ನ ಎಣಿಕೆ ಸರಿ.

ನೆಲಮಾಳಿಗೆಯಲ್ಲಿ ತಂಡದವರು ಸೂಕ್ಷ್ಮದರ್ಶಕಗಳನ್ನು ನೋಡಿದರು, ಯಂತ್ರದ ತೂತುಗಳನ್ನು ನೋಡಿದರು. ನೀಳ ಮೂಗಿನ ಹೆಂಗಸು ವಿದ್ಯಾರ್ಥಿನಿಯೊಬ್ಬಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಮಡಚಲಾಗದ ಬೆರಳನ್ನು ಮೆಲ್ಲಗೆ ಮುಟ್ಟಿ, ನೋವಿದೆಯಾ ಎಂದು ಕೇಳಿದರು. ಚಳಿಯಲ್ಲಿ ಮಾತ್ರ ಎಂದಳು ಹುಡುಗಿ. ಮೇಷ್ಟ್ರು ಆ ಬೆರಳನ್ನು ನೋಡಿದ್ದು ಅದೇ ಮೊದಲು. ಯಂತ್ರದ ತೂತುಗಳನ್ನೆಲ್ಲ ಪರೀಕ್ಷಿಸಿದ್ದ ಅವರಿಗೆ, ಗಾಯವಾದವಳು ಯಾರೆಂದು ಕೇಳಬೇಕೆಂದು ತೋಚಿರಲಿಲ್ಲ.

ಅಲ್ಲಿಂದ ತಂಡ ಬೇಗ ಹೊರಟಿತು. “ಇಲ್ಲಿ ಹುಡುಕೋದು ಏನೂ ಇಲ್ಲ, ಎಲ್ಲ ಇವರೇ ಹೇಳಿದ್ದಾರೆ,” ಎಂದರು ಆ ಹೆಂಗಸು. ಹುಡುಕಿದ್ದು ಬೇರೆ ಕಡೆ. ವಾಣಿಜ್ಯದಲ್ಲಿ ‘ಉತ್ಕೃಷ್ಟ ಗಣಕ ಪ್ರಯೋಗಾಲಯ’ದ ಬೀಗದ ಕೈ ಸಿಗದೆ, ಕಡೆಗೆ ಬಾಗಿಲು ತೆರೆದಾಗ ಒಳಗೆ ಮುರಿದ ಕುರ್ಚಿಗಳಿದ್ದವು. ಮೇಷ್ಟ್ರ ಸ್ವಂತ ವಿಭಾಗದ ಅಧ್ಯಾಯದಲ್ಲಿದ್ದ ‘ಸಾಪ್ತಾಹಿಕ ವಿಚಾರಗೋಷ್ಠಿ’ ಕೊನೆಯ ಬಾರಿ ಯಾವಾಗ ನಡೆದದ್ದೆಂದು ಕೇಳಿದಾಗ ಅವರ ಸಹೋದ್ಯೋಗಿಗಳೆಲ್ಲ ಮೇಷ್ಟ್ರ ಮುಖ ನೋಡಿದರು. ಎಲ್ಲರನ್ನೂ ಅನುಮಾನಿಸುವ ಮನುಷ್ಯ ತಮ್ಮ ಮನೆಯ ಹಾಳೆಯನ್ನೇ ತಿರುಗಿಸಿ ನೋಡಿರಲಿಲ್ಲ.

ಮಾನ್ಯತೆ ಸಿಕ್ಕಿತು, ಆದರೆ ಮೊದಲಿಗಿಂತ ಕಡಿಮೆ ಅವಧಿಗೆ, ಷರತ್ತುಗಳ ಸಮೇತ. ಭೂವಿಜ್ಞಾನದ ಯಂತ್ರವನ್ನು ಕೂಡಲೇ ಬದಲಾಯಿಸಬೇಕೆಂಬುದು ಒಂದು ಷರತ್ತು. ಮಂಡಳಿ ಇನ್ನೊಂದು ಸಾಲನ್ನೂ ಸೇರಿಸಿತ್ತು: ಒಂದು ಅಧ್ಯಾಯವಾದರೂ ಪ್ರಾಮಾಣಿಕವಾಗಿದ್ದುದರಿಂದ ಈ ಸಂಸ್ಥೆಗೆ ತನ್ನನ್ನು ತಿದ್ದಿಕೊಳ್ಳುವ ಶಕ್ತಿಯಿದೆ ಎಂದು ನಂಬಲಾಗಿದೆ. ಕುಲಪತಿಗಳು ಆ ಸಾಲನ್ನು ಸಭೆಯಲ್ಲಿ ತಾವೇ ಗಟ್ಟಿಯಾಗಿ ಓದಿದರು. ಹದ ಮಾಡುವ ಮಾತು ತಾವು ಆಡಿಯೇ ಇಲ್ಲವೆಂಬಂತಿತ್ತು ಅವರ ಮುಖ.

ಸಭೆ ಮುಗಿದ ಮೇಲೆ ಕಲ್ಲು ಮೇಡಂ ಮೇಷ್ಟ್ರ ಹಿಂದೆಯೇ ಬಂದರು. ಇಬ್ಬರೂ ಕಟ್ಟಡದ ಹೊರಗೆ, ಸೈಕಲ್ ನಿಲ್ಲಿಸುವ ಕಡೆ ನಿಂತರು.

“ಸಾರ್, ಅಧ್ಯಾಯ ತಿದ್ದಿ ಅಂತ ನಿಮಗೆ ಒತ್ತಡ ಇತ್ತಂತೆ. ವಾಣಿಜ್ಯದವರು ಹೇಳಿದ್ರು. ಆದರೂ ಒಂದಕ್ಷರ ಮುಟ್ಟದೆ ಕಳಿಸಿದ್ರಿ. ತುಂಬ ಉಪಕಾರವಾಯ್ತು.”

ಮೇಷ್ಟ್ರು ಸುತ್ತ ಒಮ್ಮೆ ನೋಡಿದರು. “ಒಂದು ಕೇಳಲಾ? ನೀವು ಒಂದು ಪ್ರತಿ ನೇರವಾಗಿ ಮಂಡಳಿಗೆ ಕಳಿಸಿದ್ರಾ?”

“ಇಲ್ಲವಲ್ಲ ಸಾರ್. ಹಾಗೆ ಕಳಿಸಬಹುದು ಅಂತಲೂ ನನಗೆ ಗೊತ್ತಿರಲಿಲ್ಲ.”

“ಮತ್ತೆ ಯಾಕೆ ಹಾಗೆ ಬರೆದ್ರಿ? ನಿಜ ಹೇಳಿ.”

“ಆ ಹುಡುಗಿ ಕೈಗೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಕರಕೊಂಡು ಹೋದದ್ದು ನಾನೇ ಸಾರ್. ಅದಕ್ಕೂ ಮುಂಚೆ ಆ ಮುಚ್ಚಳಕ್ಕೆ ಅಂತ ಕಚೇರಿಗೆ ಎಷ್ಟು ಸಲ ಬರೆದಿದ್ದೆ. ಯಾರೂ ಓದಲಿಲ್ಲ. ಇದನ್ನಾದ್ರೂ ಹೊರಗಿನವರು ಓದ್ತಾರಲ್ಲ ಅನ್ನಿಸ್ತು. ಮುಚ್ಚಳ ಒಂದೇ ಬರೆದ್ರೆ ದೂರು ಅಂತಾರೆ, ಅದಕ್ಕೆ ಎಲ್ಲಾನೂ ಬರೆದೆ. ನನ್ನದೂ ಸೇರಿಸಿ.”

ಆಕೆಗೆ ಒಂದು ಉದ್ದೇಶ ಇದ್ದೇ ಇತ್ತು ಎಂದು ಮೇಷ್ಟ್ರಿಗೆ ಹೊಳೆಯಿತು. ಇಷ್ಟು ದಿನ ಹುಡುಕಿದ್ದು ಸಿಕ್ಕಿತ್ತು. ಖುಷಿಯಾಗಲಿಲ್ಲ.

“ಮೇಡಂ, ನನಗೆ ಉಪಕಾರ ಅಂತೆಲ್ಲ ಹೇಳಬೇಡಿ. ತಿದ್ದೋದಕ್ಕೆ ಕೂತಿದ್ದೆ. ನೀವು ಪ್ರತಿ ಕಳಿಸಿರ್ತೀರಿ, ಸಿಕ್ಕಿಹಾಕಿಕೊಳ್ತೀನಿ ಅಂತ ಹೆದರಿ ಬಿಟ್ಟೆ. ಅಷ್ಟೇ ನಡೆದದ್ದು.”

ಕಲ್ಲು ಮೇಡಂ ಥಟ್ಟನೆ ತಲೆಯೆತ್ತಿದರು. ಇಷ್ಟು ಹೊತ್ತು ಮೆತ್ತಗಿದ್ದ ಮುಖ ಬಿಗಿಯಾಯಿತು. ಅರ್ಧ ಹೆಜ್ಜೆ ಹಿಂದೆ ಸರಿದು ಅವರನ್ನೇ ದಿಟ್ಟಿಸಿದರು.

“ಇದನ್ನ ನನಗೆ ಯಾಕೆ ಹೇಳ್ತಿದ್ದೀರಿ ಸಾರ್? ಯಾರಾದ್ರೂ ಹೇಳಿ ಅಂದ್ರಾ?”

ಏನು ಹೇಳಿದರೂ ಆಕೆ ನಂಬುವುದಿಲ್ಲವೆಂದು ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಇಲ್ಲವೆಂಬಂತೆ ತಲೆಯಾಡಿಸಿ, ಹುಡುಗಿಯ ಬೆರಳಿಗೆ ಏನಾದರೂ ಚಿಕಿತ್ಸೆ ಇದೆಯೇ ಎಂದು ಕೇಳಿದರು. ಆಕೆ ಮೊದಲು ಅಳೆದು ತೂಗಿ, ಆಮೇಲೆ ನಿಧಾನವಾಗಿ ವೈದ್ಯರು ಹೇಳಿದ್ದನ್ನು ವಿವರಿಸತೊಡಗಿದರು. ಮೇಷ್ಟ್ರು ಮಧ್ಯದಲ್ಲಿ ಒಂದು ಪ್ರಶ್ನೆಯನ್ನೂ ಹಾಕದೆ, ಕೊನೆಯವರೆಗೆ ಕೇಳಿಸಿಕೊಂಡರು.