ಏಟಿನ ನಂತರದ ಮೌನ

ಟೇಪಿನ ಕೆಳಗೆ ಯಾರ ಹೆಸರಿದೆ ಎಂದು ಕೇಳಬಾರದು. ಅಂಗಡಿಯ ಹಿಂಕೋಣೆಯಲ್ಲಿ ಇದ್ದದ್ದು ಅದೊಂದೇ ಕಟ್ಟಳೆ.

ಪ್ರತಿ ಶುಕ್ರವಾರ ಬೆಳಿಗ್ಗೆ ಯಜಮಾನಿ ಆ ವಾರ ಬಂದ ಸಣ್ಣಪುಟ್ಟ ತಂಡಗಳ ಹೊಸ ರೆಕಾರ್ಡುಗಳನ್ನು ಹೊದಿಕೆಯಿಂದ ತೆಗೆದು, ನಡುವಿನ ಚೀಟಿಗೆ ಕಪ್ಪು ಟೇಪು ಅಂಟಿಸಿ, ಹಳೆಯ ದಿಂಬಿನ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದಳು. ಮೌನಿ ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚುತ್ತಿದ್ದ. ಕಡಿಮೆ ಮಾತಿನವನೆಂದು ಅವನಿಗೆ ಆ ಹೆಸರು ಬಂದಿತ್ತು. ಹಾಡಿಗಿಂತ ಹಾಡಿನ ನಡುವಿನ ಬಿಡುವನ್ನೇ ಅವನು ಹೆಚ್ಚು ಹೊಗಳುತ್ತಾನೆಂಬ ತಮಾಷೆಯೂ ಅದರಲ್ಲಿ ಸೇರಿತ್ತು.

"ಈ ಊರಲ್ಲಿ ಹಾಡೋರೆಲ್ಲ ಒಬ್ಬರಿಗೊಬ್ಬರು ಭಾವ-ಮೈದುನರು," ಎನ್ನುತ್ತಿದ್ದಳು ಯಜಮಾನಿ. "ಹೆಸರು ಗೊತ್ತಾದ್ರೆ ಕಿವಿ ಕೆಡುತ್ತೆ."

ದೊಡ್ಡ ಕಂಪನಿಗಳ ಹಂಗಿಲ್ಲದೆ ಮನೆಯಲ್ಲೋ ಗ್ಯಾರೇಜಿನಲ್ಲೋ ಹಾಡಿ, ಕೈಯಿಂದ ಹಣ ಹಾಕಿ ರೆಕಾರ್ಡು ತರುವವರಿಗೆ ಇದ್ದ ಬಾಗಿಲು ಒಂದೇ. ಶನಿವಾರ ಬೆಳಿಗ್ಗೆ ರೇಡಿಯೊದಲ್ಲಿ ಮೌನಿಯ ಕಾರ್ಯಕ್ರಮ. ಅವನು ಕೇಳಿ ಎಂದರೆ ಜನ ಕೊಳ್ಳುತ್ತಿದ್ದರು. ಅವನು ಸುಮ್ಮನಿದ್ದರೆ ಆ ರೆಕಾರ್ಡು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

ಆ ಶುಕ್ರವಾರ ಮೊದಲು ಬಂದದ್ದು ನಾಲ್ಕು ಹೆಂಗಸರ ಕಿರುಚಾಟ. "ಗಿಟಾರ್ ಜಾಸ್ತಿ, ಸಿಟ್ಟು ಕಡಿಮೆ," ಎಂದ ಮೌನಿ. ಎರಡನೆಯದರಲ್ಲಿ ಯಾರೋ ಖಾಲಿ ನೀರಿನ ಟ್ಯಾಂಕಿನೊಳಗೆ ಕೂತು ಕೊಳಲು ಊದಿದ್ದರು. "ಇದು ಇರಲಿ. ಕೊನೆಯಲ್ಲಿ ಹೇಳ್ತೀನಿ." ಮೂರನೆಯದು ಒಬ್ಬ ಗಂಡಸು, ಒಂದು ಗಿಟಾರು, ಒಂದು ಕೋಣೆ. ದನಿಯನ್ನು ಬೇಕೆಂದೇ ಮಸುಕುಮಾಡಿದ್ದರು, ನೀರಿನಡಿಯಿಂದ ಬಂದಂತಿತ್ತು. ಎರಡು ಹಾಡು ಸಾಧಾರಣ. ಮೂರನೆಯ ಹಾಡಿನ ನಡುವೆ, ತಾಳಕ್ಕೆ ಸೇರದ ಜಾಗದಲ್ಲಿ, ಒಂದು ಏಟು ಬಿತ್ತು.

ಮೌನಿ ಕಣ್ಣು ತೆರೆದ.

ಮೆತ್ತನೆಯ, ಭಾರವಾದ ಸದ್ದು, ಒಳಗೆ ಏನೋ ಗಟ್ಟಿಯಾದದ್ದು ಇದ್ದಂತೆ. ಅದರ ಬೆನ್ನಿಗೆ ಒಂದು ಲೋಹದ ಮುಚ್ಚಳ ನೆಲಕ್ಕೆ ಬಿದ್ದು ಗರಗರ ತಿರುಗಿ ಕೂತಿತು. ಆಮೇಲೆ ಏನೂ ಇಲ್ಲ. ಹಾಡುವವನು ಉಸಿರನ್ನೂ ಎಳೆದಂತಿಲ್ಲ. ಕೇಳುವವನ ಎದೆ ಹಿಡಿದುಕೊಳ್ಳುವಷ್ಟು ಹೊತ್ತು ಮೌನ. ಮತ್ತೆ ಗಿಟಾರು.

"ಇನ್ನೊಂದ್ಸಲ," ಎಂದ. ಮತ್ತೆ ಕೇಳಿದ. ಮತ್ತೂ ಕೇಳಿದ.

ಮರುದಿನ ರೇಡಿಯೊದಲ್ಲಿ ಹೀಗೆ ಓದಿದ: "ಈ ವರ್ಷ ಇಷ್ಟು ಪ್ರಾಮಾಣಿಕವಾದ ಏಟು ಯಾವ ಡ್ರಮ್ಮಿನಿಂದಲೂ ಬಂದಿಲ್ಲ. ಅದರ ನಂತರದ ಮೌನಕ್ಕಾಗಿಯಾದರೂ ಈ ರೆಕಾರ್ಡನ್ನು ಕೊಂಡು ಕೇಳಿ."

ಮೈಕು ಆರಿದ ಮೇಲೆಯೇ ಯಜಮಾನಿ ಫೋನಿನಲ್ಲಿ ಹೆಸರು ಹೇಳಿದಳು. ಅದೂ ಆ ಕಟ್ಟಳೆಯ ಭಾಗವೇ. "ನಿಮ್ಮ ಭಾವನದ್ದಪ್ಪಾ. ತಂಡಕ್ಕೆ ಹೊಸ ಹೆಸರಿಟ್ಕೊಂಡಿದ್ದಾರೆ. ಕೊನೆಗೂ ನಿನ್ನ ಬಾಯಿ ಬಿಡಿಸಿದ್ರು ನೋಡು."

ಅಕ್ಕನ ಗಂಡ ಮದುವೆಯಾದಾಗಿನಿಂದ ರೆಕಾರ್ಡು ತರುತ್ತಲೇ ಇದ್ದ. ಮೌನಿ ಅವುಗಳಲ್ಲಿ ಒಂದರ ಬಗ್ಗೆಯೂ ಒಂದು ಮಾತಾಡಿರಲಿಲ್ಲ. ಕೆಟ್ಟದೆಂದಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಅವನು ಸುಮ್ಮನಿದ್ದದ್ದು ಭಾವನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಆ ಸಿಟ್ಟು ಮನೆಯಲ್ಲಿ ಯಾರ ಮೇಲೆ ಇಳಿಯುತ್ತಿತ್ತೆಂದು ಮೌನಿ ಯೋಚಿಸಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆ ಬಂತು.

ಅಕ್ಕನ ಮನೆ ಮೂರನೆಯ ಮಹಡಿಯಲ್ಲಿತ್ತು. ನಡುಮನೆಯ ಒಂದು ಗೋಡೆಗೆ ಹಳೆಯ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿ, ಭಾವ ಅಲ್ಲೇ ಹಾಡು ರೆಕಾರ್ಡು ಮಾಡಿಕೊಳ್ಳುತ್ತಿದ್ದ. ಮೈಕಿನ ಕಂಬಕ್ಕೆ ಬೀಸುಕಲ್ಲಿನಂಥ ದಪ್ಪ ಕಬ್ಬಿಣದ ಪಾದ. ಪಕ್ಕದಲ್ಲೇ ಅಡುಗೆಮನೆಯ ಬಾಗಿಲು. ಅಕ್ಕನ ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು.

"ಏನಾಯ್ತು?"

"ಬಾತ್‌ರೂಮಲ್ಲಿ ಜಾರಿದೆ," ಎಂದಳು ಅಕ್ಕ. "ಕೂತ್ಕೋ. ಸೊರಗಿದ್ದೀಯ."

"ಬಾರಯ್ಯ ಮಹಾರಾಯ," ಎಂದು ಭಾವ ಅವನ ಬೆನ್ನಿಗೆ ಗುದ್ದಿದ. "ಇಷ್ಟು ವರ್ಷ ಬಾಯಿಗೆ ಬೀಗ ಜಡ್ಕೊಂಡಿದ್ದೆ. ನಂದು ಅಂತ ಗೊತ್ತಿದ್ರೆ ಹೇಳ್ತಿದ್ಯಾ?"

"ಇಲ್ಲ."

"ನೋಡೇ, ನಿನ್ನ ತಮ್ಮನಿಗೆ ಮರ್ಯಾದೆಗೂ ಒಂದು ಸುಳ್ಳು ಹೇಳೋಕೆ ಬರಲ್ಲ." ಭಾವ ನಗುತ್ತ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. "ಅಂಗಡಿಗೆ ಬಂದೋರದ್ದೆಲ್ಲ ಆ ಏಟಿನದ್ದೇ ಮಾತಂತೆ. ಮುಂದಿನ ರೆಕಾರ್ಡ್ ಪೂರ್ತಿ ಹಾಗೇ ಮಾಡ್ತೀನಿ. ಹಲಗೆಗೆ ಹೊಡೆದು ನೋಡಿದೆ, ಮೂಟೆಗೆ ಹೊಡೆದು ನೋಡಿದೆ. ಬರಲ್ಲ ಕಣಯ್ಯ. ಆ ಸದ್ದೇ ಬೇರೆ. ಹೆಂಗಾದ್ರೂ ತರಿಸ್ಬೇಕು."

ಹಾಡು ಶುರುವಾಗಿತ್ತು. ಅಕ್ಕ ತಟ್ಟೆಗಳನ್ನು ಎದೆಗೊತ್ತಿಕೊಂಡು ಬರುತ್ತಿದ್ದವಳು ನಡುವೆಯೇ ನಿಂತಳು. ಅವಳ ಕಣ್ಣು ಬಿಗಿಯಾಗಿ ಮುಚ್ಚಿತು, ಹೆಗಲು ಕಿವಿಯತನಕ ಏರಿತು. ಆಮೇಲೆ ಏಟು ಬಿತ್ತು.

"ಇನ್ನೊಂದ್ಸಲ ಕೇಳೋಣ," ಎಂದು ಭಾವ ಮುಳ್ಳನ್ನು ಹಿಂದಕ್ಕಿಟ್ಟ. ಮತ್ತೆ ಅದೇ. ಮೊದಲು ಅವಳ ಕಣ್ಣು, ಆಮೇಲೆ ಏಟು.

ಮೌನಿ ಆ ಹಾಡನ್ನು ಎಷ್ಟೋ ಸಲ ಕೇಳಿದ್ದ. ಆದರೂ ಏಟು ಯಾವ ಗಳಿಗೆಯಲ್ಲಿ ಬೀಳುತ್ತದೆಂದು ಅವನಿಗೆ ಮೊದಲೇ ತಿಳಿಯುತ್ತಿರಲಿಲ್ಲ. ಅದು ತಾಳದಲ್ಲೇ ಇರಲಿಲ್ಲ. ತಾಳದಲ್ಲಿಲ್ಲದ ಏಟು ಅಷ್ಟು ಖಚಿತವಾಗಿ ಗೊತ್ತಿರುವುದು ಅದನ್ನು ತಿಂದ ಮೈಗೆ ಮಾತ್ರ. ನೀರು ಕುಡಿಯುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋದ. ಬಾಗಿಲ ಬಳಿಯ ಕಟ್ಟೆಯ ಮೇಲೆ ಒಂದು ಪಾತ್ರೆ ಇತ್ತು. ಅದರ ಮುಚ್ಚಳವನ್ನು ತೆಗೆದು ನೆಲಕ್ಕೆ ಬಿಟ್ಟ. ಅದು ಗರಗರ ತಿರುಗಿ ಕೂತಿತು. ಅದೇ ಮುಚ್ಚಳ.

ಹಿಂದೆಯೇ ಬಂದ ಅಕ್ಕ ಬಗ್ಗಿ ಅದನ್ನು ಎತ್ತಿಟ್ಟಳು.

"ಅಕ್ಕಾ, ಅದು ಡ್ರಮ್ ಅಲ್ಲ."

"ಅಲ್ಲ."

"ಮತ್ತೆ?"

"ನನ್ನ ತಲೆ. ಹಿಂದೆ ಗೋಡೆ. ನಡುವೆ ಕೈ ಕೊಟ್ಟೆ, ಅದಕ್ಕೇ ಹಿಂಗಾಯ್ತು." ಅವಳು ಮಣಿಕಟ್ಟನ್ನು ತೋರಿಸಿದಳು. "ಹಾಡ್ತಿದ್ದೋರು ನಡುವೆ ಎದ್ದು ಬಂದ್ರು, ಮೈಕ್ ಹಾಗೇ ಬಿಟ್ಟಿದ್ರು. ಅವತ್ತು ಅದನ್ನ ಅಳಿಸಿಹಾಕ್ತೀನಿ ಅಂತ ಕಾಲು ಹಿಡ್ಕೊಂಡು ಅತ್ತರು. ಬೆಳಿಗ್ಗೆ ಎದ್ದು ಇನ್ನೊಂದು ಸಲ ಕೇಳಿ, ಉಳಿದ ಹಾಡನ್ನ ಅದಕ್ಕೇ ಜೋಡಿಸಿದ್ರು. ಚೆನ್ನಾಗಿದೆ ಅನ್ನಿಸ್ತಂತೆ."

ಮೌನಿ ಅವಳ ಮಣಿಕಟ್ಟನ್ನೇ ನೋಡಿದ.

"ನಿಂಗೂ ಅನ್ನಿಸ್ತಲ್ಲ. ರೇಡಿಯೋ ಹಾಕಿದ್ದೆ. ಪ್ರಾಮಾಣಿಕವಾದ ಏಟು ಅಂದೆ." ಅಕ್ಕ ನಕ್ಕಳು. "ತಿಂದೋಳಿಗೇ ಗೊತ್ತಿರಲಿಲ್ಲ ನೋಡು."

"ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ದೆ? ಸುಮ್ಮನಿರ್ತಿದ್ದೆ. ನಿಂಗೆ ಬರೋದೇ ಅದು." ಅವಳು ದನಿ ತಗ್ಗಿಸಿದಳು. "ಈಗ ಕೇಳಿದ್ಯಲ್ಲ, ಮುಂದಿನದ್ದು ಪೂರ್ತಿ ಹಾಗೇ ಅಂತೆ. ಹಲಗೆಯಲ್ಲಿ ಬರಲ್ಲ ಅಂತೆ."

ಅವನು ಅವಳ ಎಡಗೈ ಹಿಡಿದು ನಡುಮನೆಗೆ ಬಂದ. "ಭಾವಾ, ಅಕ್ಕ ನನ್ನ ಜೊತೆ ಬರ್ತಾಳೆ."

ಭಾವ ಊಟದ ಮುಂದೆ ಕೂತಿದ್ದವನು ತಲೆಯೆತ್ತಿ ಇಬ್ಬರನ್ನೂ ನೋಡಿದ. ಅವಸರಪಡಲಿಲ್ಲ. ಕೈ ತೊಳೆದು ಒರೆಸಿಕೊಂಡ.

"ಬಟ್ಟೆಗಿಟ್ಟೆ ತಗೊಳ್ಳಲ್ವಾ?" ಎಂದು ಕೇಳಿದ. ಹೋಗಿ ಬಾಗಿಲಿಗೆ ಚಿಲಕ ಹಾಕಿದ. ಆಮೇಲೆ ಮೇಜಿನ ಮೇಲಿನ ರೆಕಾರ್ಡು ಮಾಡುವ ಯಂತ್ರದ ಗುಂಡಿ ಒತ್ತಿದ. ಕೆಂಪು ದೀಪ ಹೊತ್ತಿತು.

ಮೌನಿಗೆ ಅರ್ಥವಾಗುವಷ್ಟರಲ್ಲಿ ಮೊದಲ ಗುದ್ದು ಅವನ ಹೊಟ್ಟೆಗೆ ಬಿದ್ದಿತ್ತು. ಎರಡನೆಯದು ದವಡೆಗೆ. ಅವನು ಹೊಡೆದಾಡಿದವನಲ್ಲ. ಕೈಗಳನ್ನು ಎಲ್ಲಿಡಬೇಕೆಂದೂ ತಿಳಿಯದೆ ಭಾವನ ಅಂಗಿಯನ್ನು ಹಿಡಿದುಕೊಂಡ. ಗುಂಡಿಗಳು ಕಿತ್ತು ಬಂದವು. ಭಾವ ಅವನ ಕೂದಲು ಹಿಡಿದು, ಹಾಸಿಗೆ ಇಲ್ಲದ ಗೋಡೆಯತ್ತ ಎಳೆದುಕೊಂಡು ಹೋಗಿ, ತಲೆಯ ಎಡಭಾಗವನ್ನು ಅದಕ್ಕೆ ಬಡಿದ. ಒಮ್ಮೆ ಬಡಿದು ನಿಲ್ಲಿಸಿ, ಮೈಕಿನತ್ತ ತಿರುಗಿ ನೋಡಿ, ಅದರ ಕಂಬವನ್ನು ಕಾಲಿನಿಂದ ಸ್ವಲ್ಪ ಹತ್ತಿರಕ್ಕೆ ಎಳೆದ. ಮತ್ತೆ ಬಡಿದ. ಮೌನಿಯ ಎಡಗಿವಿಯೊಳಗೆ ಬಿಸಿಯಾಗಿ ಏನೋ ಒಡೆಯಿತು. ಆಮೇಲೆ ಆ ಕಡೆಯ ಲೋಕವೇ ಇಲ್ಲವಾಯಿತು. ಬಲಗಿವಿಯಲ್ಲಿ ಮಾತ್ರ ಭಾವನ ಏದುಸಿರು ಕೇಳುತ್ತಿತ್ತು.

"ಇದೂ ಅಲ್ಲ," ಎಂದ ಭಾವ. "ಅವಳದ್ದೇ ಬೇರೆ."

ಭಾವ ಎಡಗೈಯನ್ನು ಗೋಡೆಗೆ ಊರಿ, ತಿರುಗಿ ಅಕ್ಕನನ್ನು ಹುಡುಕಿದ. ಅವಳು ಅಲ್ಲೇ ಇದ್ದಳು. ಮೈಕಿನ ಕಂಬವನ್ನು ತಲೆಕೆಳಗಾಗಿ, ಒನಕೆ ಹಿಡಿದಂತೆ ಹಿಡಿದಿದ್ದಳು. ಕಬ್ಬಿಣದ ಪಾದ ಮೇಲಿತ್ತು. ಗೋಡೆಗೆ ಊರಿದ್ದ ಆ ಬೆರಳುಗಳ ಮೇಲೆ ಅವಳು ಅದನ್ನು ಬೀಸಿದಳು. ನೋಯುವ ಮಣಿಕಟ್ಟು ಕೈಕೊಟ್ಟಿತು. ಎಡಗೈಯಲ್ಲೇ ಎತ್ತಿ ಇನ್ನೊಮ್ಮೆ ಬೀಸಿದಳು. ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು. ಗಿಟಾರಿನ ತಂತಿ ಒತ್ತುವ ಬೆರಳುಗಳು ಅವು.

ಭಾವ ಕುಸಿದ. ಕೂಗಲಿಲ್ಲ. ಬಾಯಿ ತೆರೆದಿತ್ತು, ದನಿ ಹೊರಡಲಿಲ್ಲ.

ಅಕ್ಕ ತಂತಿಯಲ್ಲಿ ತೂಗಾಡುತ್ತಿದ್ದ ಮೈಕನ್ನು ಬಾಯಿಯ ಹತ್ತಿರ ಎತ್ತಿಕೊಂಡಳು. "ಇದನ್ನೂ ಹಾಕ್ಕೊಳ್ಳಿ," ಎಂದಳು. ಯಂತ್ರವನ್ನು ಆರಿಸಿ, ಚಿಲಕ ತೆಗೆದು, ತಮ್ಮನ ಕಂಕುಳಿಗೆ ಕೈ ಕೊಟ್ಟು ಮೂರು ಮಹಡಿ ಇಳಿಸಿದಳು. ದಾರಿಯುದ್ದಕ್ಕೂ ಅವಳು ಏನೋ ಹೇಳುತ್ತಿದ್ದಳು. ಎಡಗಡೆ ಇದ್ದುದರಿಂದ ಅವನಿಗೆ ಕೇಳಿಸಲಿಲ್ಲ.

ಮುಂದಿನ ಶನಿವಾರ ಮೌನಿ ಬ್ಯಾಂಡೇಜು ಕಟ್ಟಿಕೊಂಡೇ ರೇಡಿಯೊದಲ್ಲಿ ಕೂತ. ಹೊಸ ರೆಕಾರ್ಡು ಯಾವುದನ್ನೂ ಹೇಳಲಿಲ್ಲ. ಹೋದ ವಾರ ತಾನು ಪ್ರಾಮಾಣಿಕವಾದ ಏಟು ಎಂದು ಹೊಗಳಿದ್ದು ಒಬ್ಬ ಹೆಂಗಸಿನ ತಲೆಯ ಸದ್ದು, ಮೌನ ಎಂದು ಹೊಗಳಿದ್ದು ಅವಳು ಪ್ರಜ್ಞೆ ತಪ್ಪಿದ್ದ ಹೊತ್ತು, ಯಾರೂ ಆ ರೆಕಾರ್ಡು ಕೊಳ್ಳಬೇಡಿ ಎಂದ. ಅವಳು ತನ್ನ ಅಕ್ಕ ಎಂದೂ ಹೇಳಿದ. ಹೇಳು ಎಂದವಳು ಅವಳೇ.

ಸೋಮವಾರ ಇಬ್ಬರೂ ಅಂಗಡಿಗೆ ಹೋದಾಗ ಯಜಮಾನಿ ಗಲ್ಲಾದ ಹಿಂದೆ ಮುಖ ಕೆಡಿಸಿಕೊಂಡು ಕೂತಿದ್ದಳು.

"ಫೋನ್ ಮೇಲೆ ಫೋನ್ ಕಣೋ. ಗೊತ್ತಿಲ್ದೆ ಇದ್ದಾಗ ಹತ್ತು ಜನಕ್ಕೆ ಬೇಕಾಗಿತ್ತು. ಗೊತ್ತಾದ ಮೇಲೆ ಊರಿಗೆಲ್ಲ ಬೇಕಂತೆ. ಕಪಾಟಿಂದ ತೆಗೆದು ಒಳಗೆ ಪೇರಿಸಿಟ್ಟಿದ್ದೀನಿ."

ಅಷ್ಟರಲ್ಲಿ ಕನ್ನಡಕದ ಒಬ್ಬ ಗಿರಾಕಿ ಬಂದ. ಮೌನಿಯ ಗುರುತು ಅವನಿಗೆ ಸಿಗಲಿಲ್ಲ. "ಆ ಏಟಿನ ರೆಕಾರ್ಡ್ ಇದೆಯಾ?" ಎಂದು ಕೇಳಿ, ಯಜಮಾನಿ ಮುಖ ತಿರುಗಿಸಿದಾಗ, "ಕೇಳೋದಕ್ಕಷ್ಟೇ. ಕೇಳಿದ್ರೆ ತಪ್ಪೇನು? ಹೊಡೆದಿದ್ದು ನಾನಲ್ವಲ್ಲ," ಎಂದ.

"ಇದೆ, ಬನ್ನಿ," ಎಂದಳು ಅಕ್ಕ. "ಕೇಳಿಸ್ತೀನಿ."

ಅವನನ್ನು ಹಿಂಕೋಣೆಗೆ ಕರೆದುಕೊಂಡು ಹೋದಳು. ಮೇಲಿನ ಒಂದು ರೆಕಾರ್ಡನ್ನು ಪಕ್ಕಕ್ಕಿಟ್ಟಳು. "ಠಾಣೆಗೆ ಒಂದು ಸಾಕು." ಅವಳು ದೂರು ಕೊಟ್ಟಿದ್ದಳು. ಮುರಿದ ಬೆರಳುಗಳಿಗಾಗಿ ಗಂಡನೂ ಕೊಟ್ಟಿದ್ದ. ಎರಡನೆಯದನ್ನು ಎತ್ತಿ ಮೇಜಿನ ಅಂಚಿಗೆ ಹೊಡೆದಳು. ಅದು ಎರಡಾಯಿತು. ಮೂರನೆಯದನ್ನು ಹೊಡೆದಳು. ಕಪ್ಪು ಚೂರುಗಳು ಗೋಡೆಗೆ ಸಿಡಿದವು. ಗಿರಾಕಿ ಮುಖಕ್ಕೆ ಕೈ ಅಡ್ಡ ಹಿಡಿದು ಬಾಗಿಲಿಗೆ ಒತ್ತಿ ನಿಂತ. ಚೂರೊಂದು ಅವನ ಕೈಯನ್ನು ಗೀರಿ ರಕ್ತ ಬಂದಾಗ ಓಡಿದ. ಅವಳು ನಿಲ್ಲಿಸಲಿಲ್ಲ. ಎಡಗೈ ಸೋತಾಗ ಬಟ್ಟೆ ಸುತ್ತಿದ ಬಲಗೈಯಲ್ಲಿ ಹೊಡೆದಳು. ಯಜಮಾನಿ ಬಾಗಿಲವರೆಗೆ ಬಂದಳು, ತಡೆಯಲಿಲ್ಲ. ಮೌನಿ ಉಳಿದ ಒಂದು ಕಿವಿಯನ್ನು ಆ ಕಡೆಗೆ ತಿರುಗಿಸಿಕೊಂಡು ನಿಂತಿದ್ದ. ಆ ಸದ್ದು ಹೇಗಿದೆಯೆಂದು ಯೋಚಿಸದಿರಲು ಅವನಿಗೆ ಹಲ್ಲು ಕಚ್ಚಬೇಕಾಯಿತು.

ಕೊನೆಯದೂ ಮುರಿಯಿತು. ಅಕ್ಕ ಮೇಜಿಗೆ ಒರಗಿದಳು. ಕೋಣೆಯಲ್ಲಿ ಯಾರೂ ಉಸಿರಾಡಿದಂತಿರಲಿಲ್ಲ.

ಅವನಿಗೆ ಅದು ತಡೆಯಲಾಗಲಿಲ್ಲ. "ಅಕ್ಕಾ," ಎಂದ. "ಏನಾದ್ರೂ ಮಾತಾಡೇ."

"ಏನ್ ಮಾತಾಡ್ಲಿ?" ಅಕ್ಕ ಅಂಗೈಯಿಂದ ಒಂದು ಕರಿ ಚೂರನ್ನು ಕಿತ್ತು ತೆಗೆದಳು. "ಪೊರಕೆ ಎಲ್ಲಿಟ್ಟಿದ್ದಾರೆ ಕೇಳು. ನೀನೇ ಕೇಳು, ಜೋರಾಗಿ."

ಅವನು ಕೇಳಿದ.