ಕೋಟು ತೊಟ್ಟ ಅಮ್ಮ ಮನೆಯಲ್ಲಿಲ್ಲ

ಆಕೆ ನಡೆದದ್ದನ್ನು ನಾನು ಕಂಡದ್ದೇ ಇಲ್ಲ. ಓಡುತ್ತಿದ್ದರು ಎಂದರೂ ತಪ್ಪಾದೀತು. ಎರಡರ ನಡುವಿನದೊಂದು ಗತಿ ಅದು: ಮೈ ಮುಂದಕ್ಕೆ ಬಾಗಿ, ಎಡ ಹೆಗಲು ತುಸು ಮೇಲೆದ್ದು, ಅಲ್ಲಿಂದ ಜಾರುವ ಚೀಲವನ್ನು ಮತ್ತೆ ಮತ್ತೆ ಏರಿಸಿಕೊಳ್ಳುತ್ತ, ಕಾಲು ಇನ್ನೂ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲಿರುವಾಗಲೇ ಮನಸ್ಸು ಶಿಶುವಿಹಾರದ ಬಾಗಿಲು ತಟ್ಟುತ್ತಿರುವಂಥ ಗತಿ. ಬಾಯಲ್ಲಿ ಸದಾ ಒಂದೇ ಮಾತು, "ಬಂದೆ, ಬಂದೆ." ಮಾರ್ಗದರ್ಶಕರು ಕರೆದರೂ ಅದೇ, ಫೋನಿನಲ್ಲಿ ಗಂಡ ವಿಚಾರಿಸಿದರೂ ಅದೇ, ಯಾರೂ ಕರೆಯದಿದ್ದಾಗ ಅಭ್ಯಾಸಬಲದಿಂದಲೂ ಅದೇ. ಪ್ರಯೋಗಾಲಯದ ನಾವೆಲ್ಲ ಸೇರಿ ಆಕೆಗೆ 'ಬಂದೆ ಅಕ್ಕ' ಎಂದು ಹೆಸರಿಟ್ಟುಬಿಟ್ಟಿದ್ದೆವು. ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗುವುದಕ್ಕೂ ಪುರುಸೊತ್ತು ಬೇಕಲ್ಲ!

ನಮಗಿಂತ ಸಾಕಷ್ಟು ಹಿರಿಯರು. ಮದುವೆಯಾಗಿ, ಎರಡು ಹೆಣ್ಣುಮಕ್ಕಳನ್ನು ಹೆತ್ತು, ಎಲ್ಲರೂ "ಇನ್ನೇನು ಓದು ಬಿಡು" ಎಂದು ನಿಶ್ಚಿಂತರಾದ ಮೇಲೆ ಪಿಎಚ್.ಡಿ.ಗೆ ಸೇರಿಕೊಂಡವರು. ಉಗ್ರಾಣದ ಧಾನ್ಯಕ್ಕೆ ಹಿಡಿಯುವ ಬೂಷ್ಟು ಅವರ ಅಧ್ಯಯನದ ವಿಷಯ. ಆ ನಿಕೃಷ್ಟ ಜೀವಿಯ ಬಗ್ಗೆ ಅವರಿಗಿದ್ದ ಅಕ್ಕರೆಯನ್ನು ಕಂಡು ನಾವು ಬೆರಗಾಗುತ್ತಿದ್ದೆವು. ದೊಡ್ಡ ಮಗಳು ಶಾಲೆಯ ಡಬ್ಬಿಯಲ್ಲಿ ಮರೆತು ಉಳಿಸಿದ ಬ್ರೆಡ್ಡಿನ ತುಂಡು ಹಸಿರಾಗಿದ್ದಾಗ, ಬೈಯುವುದನ್ನು ಬಿಟ್ಟು ಭೂತಗನ್ನಡಿ ತಂದು, ತಾಯಿ ಮಗಳಿಬ್ಬರೂ ತಲೆಗೆ ತಲೆ ತಾಗಿಸಿ ನೋಡುತ್ತ ಕೂತಿದ್ದರಂತೆ. ಇದನ್ನು ಹೇಳುವಾಗ ಆಕೆಯ ಮುಖ ಅರಳುತ್ತಿತ್ತು. ಅಂಥ ಗಳಿಗೆಗಳು ಅವರ ಪಾಲಿಗೆ ಬಲು ಕಡಿಮೆ.

ಗಂಡ ಔಷಧದಂಗಡಿ ನೋಡಿಕೊಳ್ಳುತ್ತಿದ್ದ ಸಾಧು ಮನುಷ್ಯ. ಬೆಳಿಗ್ಗೆ ಹೋದರೆ ಅಂಗಡಿ ಮುಚ್ಚಿಯೇ ಮನೆ ಸೇರುವವರು. ಹೀಗಾಗಿ ರಜಾದಿನಗಳಲ್ಲಿ ಪ್ರಬಂಧ ಬರೆಯುವುದೂ ಮಕ್ಕಳನ್ನು ನೋಡಿಕೊಳ್ಳುವುದೂ ಒಂದೇ ಸೂರಿನಡಿ, ಒಂದೇ ಹೊತ್ತಿಗೆ ನಡೆಯಬೇಕಾಗಿತ್ತು. ಒಂದು ಸಾಲು ಬರೆಯುವಷ್ಟರಲ್ಲಿ "ನೀರು ಬೇಕು", ಎರಡನೆಯದಕ್ಕೆ ಕೈಯಿಟ್ಟರೆ "ಅವಳು ಚಿವುಟಿದ್ಲು", ಮೂರನೆಯದು ಮರೆತೇ ಹೋಯಿತು. ಇದಕ್ಕೆ ಆಕೆ ಕಂಡುಕೊಂಡ ಉಪಾಯವೇ ಆ ಕೋಟು. ಪ್ರಯೋಗಾಲಯದಲ್ಲಿ ಸವೆದು ನಿವೃತ್ತಿ ಹೊಂದಿದ್ದ ಬಿಳಿಯ ಕೋಟೊಂದನ್ನು ಒಗೆದು ಮನೆಗೊಯ್ದರು. ಅದನ್ನು ತೊಟ್ಟು ಮೇಜಿನ ಮುಂದೆ ಕೂತರೆ ಅಮ್ಮ ವಿಶ್ವವಿದ್ಯಾಲಯಕ್ಕೆ ಹೋದ ಹಾಗೆ, ಕಳಚಿದರೆ ಮನೆಗೆ ಬಂದ ಹಾಗೆ. "ಕೋಟು ಇರೋವಾಗ ಕರೀಬಾರ್ದು, ಮನೆಗೆ ಬೆಂಕಿ ಬಿದ್ರೆ ಮಾತ್ರ ಕರೀರಿ" ಎಂದು ನಗುತ್ತ ಕಟ್ಟಪ್ಪಣೆ ಮಾಡಿದ್ದರು.

ಮಕ್ಕಳಿಗೆ ಅದು ಸೊಗಸಾದ ಆಟವೆನಿಸಿತು. ಒಮ್ಮೆ ಯಾವುದೋ ಪುಸ್ತಕ ಕೊಡಲು ನಾನು ಅವರ ಮನೆಗೆ ಹೋದಾಗ ದೊಡ್ಡವಳು ಬಾಗಿಲು ತೆರೆದು, ಏಳು ವರ್ಷದ ಗಾಂಭೀರ್ಯವನ್ನೆಲ್ಲ ಮುಖಕ್ಕೆ ತಂದುಕೊಂಡು, "ಅಮ್ಮ ಮನೇಲಿಲ್ಲ" ಎಂದಳು. ಅವಳ ಹಿಂದೆಯೇ, ಕೈಯಳತೆಯಲ್ಲಿ, ಅಮ್ಮ ಬೆನ್ನು ಬಾಗಿಸಿ ಬರೆಯುತ್ತಿದ್ದುದು ಕಾಣುತ್ತಿತ್ತು.

"ಅಲ್ಲೇ ಕೂತಿದಾರಲ್ಲೇ!"

"ಕೋಟು ಕಾಣ್ಸಲ್ವಾ? ತೆಗೆದ್ಮೇಲೆ ಬರ್ತಾಳೆ. ಅಲ್ಲೀವರ್ಗೂ ಕೂತ್ಕೊಳ್ಳಿ."

ಕೆಳಗೆ ಕೂತು ಬಣ್ಣ ಹಚ್ಚುತ್ತಿದ್ದ ನಾಲ್ಕರ ಚಿಕ್ಕವಳು ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ಗದರಿಸಿದಳು. ಮರುದಿನ ಪ್ರಯೋಗಾಲಯದಲ್ಲಿ ಇದನ್ನು ಹೇಳಿಕೊಂಡು ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಇಷ್ಟು ಜಾಣ ಮಕ್ಕಳು ಯಾರಿಗುಂಟು ಎಂದು ಆಕೆಯೂ ನಕ್ಕರು.

ಪ್ರಬಂಧ ಸಲ್ಲಿಸುವ ಗಡುವು ಆಗಲೇ ಎರಡು ಬಾರಿ ಮುಂದಕ್ಕೆ ಹೋಗಿತ್ತು. ಒಮ್ಮೆ ಚಿಕ್ಕವಳ ದಡಾರಕ್ಕೆ, ಇನ್ನೊಮ್ಮೆ ದೊಡ್ಡವಳ ಕಾಯಿಲೆಗೆ. ಮೂರನೆಯ ಸಲ ಕೇಳಲು ಹೋದಾಗ ಮಾರ್ಗದರ್ಶಕರು ತಲೆಯೆತ್ತದೆಯೇ, "ನೋಡಮ್ಮ, ಈ ತಿಂಗಳು ಬಿಟ್ರೆ ನೋಂದಣಿಯೇ ರದ್ದಾಗುತ್ತೆ. ನನ್ನ ಕೈಲಿ ಏನೂ ಇಲ್ಲ" ಎಂದುಬಿಟ್ಟರು. ಅಷ್ಟು ವರ್ಷಗಳ ಶ್ರಮ ನೀರಿನಲ್ಲಿ ಹೋಮವಾಗುವುದರಲ್ಲಿತ್ತು. ಆ ತಿಂಗಳ ರಜಾದಿನಗಳಲ್ಲಿ ಕೋಟು ಮೈಮೇಲಿಂದ ಇಳಿದದ್ದು ಅಪರೂಪ.

ಅಂಥದೊಂದು ಮಧ್ಯಾಹ್ನ ಒಳಕೋಣೆಯಲ್ಲಿ ದೊಪ್ಪೆಂದು ಸದ್ದಾಯಿತು. ಬೀರುವಿನ ಮೇಲಿದ್ದ ಗೊಂಬೆಗಾಗಿ ಚಿಕ್ಕವಳು ಮಂಚದ ಮೇಲೆ ಕುರ್ಚಿಯಿಟ್ಟು ಹತ್ತಿ ಬಿದ್ದಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವಳು ಅಂಗೈಯಿಂದ ಅದನ್ನು ಮುಚ್ಚಿದಳು. ಇಬ್ಬರೂ ಬಾಗಿಲವರೆಗೆ ಬಂದರು. ಕೋಟು ಕಂಡಿತು. ಹಾಗೆಯೇ ಹಿಂತಿರುಗಿದರು. ದೊಡ್ಡವಳು ತನ್ನ ಜಡೆಯ ಟೇಪು ಬಿಚ್ಚಿ ತಂಗಿಯ ಕೈಯನ್ನು ಎದೆಗೆ ಕಟ್ಟಿ, ಗೋಡೆಗೊರಗಿಸಿ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ತಾಯಿ ಅಧ್ಯಾಯ ಮುಗಿಸಿ, ಕೋಟು ಕಳಚಿ ಕುರ್ಚಿಗೆ ಹಾಕಿ ಒಳಗೆ ಹೋದರು. ಅವರನ್ನು ಕೋಟಿಲ್ಲದ ಅಮ್ಮನಾಗಿ ಕಂಡ ಮೇಲಷ್ಟೇ ಆ ಮಗು ಅಳಲು ಶುರುಮಾಡಿತು.

ನನಗೆ ಫೋನು ಬಂತು. ಕಾರು ಇದ್ದದ್ದು ನಮ್ಮಲ್ಲಿ ನನ್ನ ಬಳಿ ಮಾತ್ರ. ದಾರಿಯುದ್ದಕ್ಕೂ ಆಕೆ ಒಂದೇ ಮಾತನ್ನು ಹೇಳುತ್ತಿದ್ದರು: "ಸದ್ದು ಕೇಳಿಸ್ತು. ಅಳು ಕೇಳಿಸ್ಲಿಲ್ಲ. ಅದಕ್ಕೇ ಸುಮ್ನಿದ್ದೆ."

ಮಣಿಕಟ್ಟಿನ ಮೂಳೆ ಮುರಿದಿತ್ತು, ಕೈ ಊದಿಕೊಂಡಿತ್ತು. ಬಿದ್ದದ್ದು ಯಾವಾಗ ಎಂದು ವೈದ್ಯೆ ಕೇಳಿದಾಗ ತಾಯಿ ಮಗುವಿನ ಮುಖ ನೋಡಿದರು. ವೈದ್ಯೆ ಮಗುವಿನತ್ತ ಬಾಗಿದರು. "ಬಿದ್ದಾಗ ಅಮ್ಮ ಎಲ್ಲಿದ್ರು ಪುಟ್ಟಿ?"

"ಅಮ್ಮ ಮನೇಲಿರ್ಲಿಲ್ಲ" ಎಂದಿತು ಮಗು. ದೂರಿನ ಧಾಟಿಯೇ ಇಲ್ಲ. ಆಟದ ನಿಯಮವನ್ನು ಒಪ್ಪಿಸಿದಂತಿತ್ತು.

"ಇಷ್ಟು ಚಿಕ್ಕ ಮಕ್ಕಳನ್ನ ಒಂಟಿಯಾಗಿ ಬಿಟ್ಟು ಹೋಗ್ತಾರೇನ್ರೀ?" ವೈದ್ಯೆ ಚೆನ್ನಾಗಿಯೇ ಬೈದರು. ನಾನು ಬಾಯಿ ಹಾಕಲು ಹೋದೆ. ಆಕೆ ನನ್ನ ತೋಳು ಹಿಡಿದು ತಡೆದರು. ನಾನಿದ್ದೆ, ಗೋಡೆಯಾಚೆಯೇ ಇದ್ದೆ ಎಂದು ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ, ಎಲ್ಲವನ್ನೂ ತಲೆತಗ್ಗಿಸಿ ಕೇಳಿಸಿಕೊಂಡರು. ಹೊರಗೆ ಬೆಂಚಿನ ಮೇಲೆ ದೊಡ್ಡವಳನ್ನು ತಬ್ಬಿ, "ಕರೀಬಾರ್ದಿತ್ತೇನೇ ಕಂದ?" ಎಂದಾಗ ಅವಳು ಹೆದರಿದ ಕಣ್ಣುಗಳಿಂದ, "ಬೆಂಕಿ ಬಿದ್ದಿರ್ಲಿಲ್ವಲ್ಲಮ್ಮ" ಎಂದಳು. ಆಗ ಆಕೆ ಅತ್ತದ್ದನ್ನು ಬರೆಯುವ ಶಕ್ತಿ ನನಗಿಲ್ಲ.

ಕೋಟನ್ನು ಗಂಡ ಮರುದಿನವೇ ಕತ್ತರಿಸಿ ನೆಲ ಒರೆಸುವ ಬಟ್ಟೆ ಮಾಡಿದರು. ಪ್ಲಾಸ್ಟರಿನ ಕೈಯ ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಆಕೆ ಕೊನೆಯ ಅಧ್ಯಾಯ ತಿದ್ದಿ, ಗಡುವಿನೊಳಗೆ ಒಪ್ಪಿಸಿದರು. ಪರೀಕ್ಷಕರು ಹೊಗಳಿದರು, ನಾವು ಚಪ್ಪಾಳೆ ತಟ್ಟಿದೆವು, ಆಕೆ ಡಾಕ್ಟರಾದರು. ಮೂಳೆಯೂ ಕೂಡಿಕೊಂಡಿತು.

ಅದಾಗಿ ಎಷ್ಟೋ ತಿಂಗಳ ಮೇಲೆ ಅವರ ಮನೆಗೆ ಹೋಗಿದ್ದೆ. ಆಕೆ ಕೈಯಲ್ಲಿ ಕೆಲಸವಿಲ್ಲದೆ ಕಿಟಕಿಯ ಬಳಿ ಕೂತಿದ್ದರು. ನಾವು ಹರಟುತ್ತಿದ್ದಾಗ ಚಿಕ್ಕವಳು ಬಂದು ಹೊಸ್ತಿಲಾಚೆಯೇ ನಿಂತಳು. ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಮೆಲ್ಲಗೆ, "ಅಮ್ಮ, ಮನೇಲಿದ್ದೀಯಾ?" ಎಂದಳು. "ಇದೀನಿ ಕಣೇ, ಬಾ" ಎಂದ ಮೇಲೆಯೇ ಒಳಗೆ ಕಾಲಿಟ್ಟಳು. "ದಿನಾ ಹೀಗೇ" ಎಂದರು ಆಕೆ, ನನ್ನ ಕಡೆ ನೋಡದೆ.

ವಿದ್ಯೆಯನ್ನೂ ಮಕ್ಕಳನ್ನೂ ಒಟ್ಟಿಗೆ ಹೊತ್ತ ತಾಯಂದಿರನ್ನು ಆಮೇಲೆ ಹಲವರನ್ನು ಕಂಡಿದ್ದೇನೆ. ಯಾರೂ ಕಲ್ಲೆದೆಯವರಲ್ಲ. ಇದೊಂದು ಮುಗಿಯಲಿ, ಅಲ್ಲಿಯತನಕ ಮಕ್ಕಳು ಸ್ವಲ್ಪ ಕಾದಾರು ಎಂದು ನಂಬಿದವರು, ಅಷ್ಟೆ. ಆ ನಂಬಿಕೆ ಹುಸಿಯಾದದ್ದನ್ನು ನಾನು ಕಂಡಿಲ್ಲ. ಮಕ್ಕಳು ಕಾಯುತ್ತವೆ, ನಾವು ಹೇಳಿದ್ದಕ್ಕಿಂತ ಚೆನ್ನಾಗಿಯೇ ಕಾಯುತ್ತವೆ. ಅಳುವ ಮಗುವನ್ನು ಹೇಗೋ ಸಮಾಧಾನಪಡಿಸಬಹುದು; ಅಳದೆ ಕಾದ ಮಗುವಿಗೆ ಏನು ಹೇಳಬೇಕೆಂಬುದು ಇಂಥ ತಾಯಂದಿರಲ್ಲಿ ಯಾರಿಗೂ ಇನ್ನೂ ತಿಳಿದಿಲ್ಲ.