ಕನಕರಾಜರ ಅತಿ ಚಿಕ್ಕ ಪ್ರಾರ್ಥನೆ

ಊಟ ಬಲ್ಲವನಿಗೆ ರೋಗವಿಲ್ಲ, ಪ್ರಾರ್ಥನೆ ಬಲ್ಲವನಿಗೆ ಗಡಿಯಾರವಿಲ್ಲ. ಗಾದೆಯನ್ನು ತಿರುಚಿದ್ದೇನೆ, ನಿಜ. ಆದರೆ ಕತೆಯಲ್ಲಿ ತಿರುಚಿದ್ದು ಒಬ್ಬಳ ದನಿ ಮಾತ್ರ, ಉಳಿದದ್ದೆಲ್ಲ ದಿಟ.

ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನ ಹಿಂದೆ ಮೂವತ್ತು ಜನ ಹಿಡಿಸುವ ಚರ್ಚು. ಅಲ್ಲಿ ಕೀಬೋರ್ಡ್ ನುಡಿಸುವವಳು ಮೋನಿಕಾ. ಸಭೆಯ ಹಿರಿಯರು ನಿವೃತ್ತ ಗಾರ್ಡ್ ಕನಕರಾಜ್. ಅವರ ಪ್ರಾರ್ಥನೆ ಪ್ಯಾಸೆಂಜರ್ ಗಾಡಿಯಂತೆ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವುದು. ದುರ್ಗದ ಆಸ್ಪತ್ರೆಯಲ್ಲಿರುವ ಷಡ್ಡಕ, ಹಿರಿಯೂರಿನ ಸೊಸೆಯ ಬಿ.ಎಡ್ ಪರೀಕ್ಷೆ, ಮತ್ತೋಡಿನ ಗೆಳೆಯ ಓಬಯ್ಯನ ಕುಂಟುವ ಟಗರು. ದೇವರು ದಾರಿ ತಪ್ಪಬಾರದೆಂದು ವಿಳಾಸ ಬೇರೆ: "ತಂದೆಯೇ, ನೀರಿನ ಟ್ಯಾಂಕ್ ದಾಟಿ ಎಡಕ್ಕೆ, ನೀಲಿ ಗೇಟು."

ಈ ಗಾಡಿ ಮುಟ್ಟುವುದರೊಳಗೆ ಹನ್ನೊಂದೂವರೆಯ ನಿಜವಾದ ಗಾಡಿ ಬಂದುಬಿಡುವುದು. ಹಿರಿಯರ ಕಣ್ಣು ಮುಚ್ಚಿರುವಾಗಲೇ ಅದನ್ನು ಹಿಡಿಯಲು ಅರ್ಧ ಸಭೆ ಚಪ್ಪಲಿ ಕೈಲಿ ಹಿಡಿದು ಮಾಯ. ಕೊನೆಯ ಸ್ತೋತ್ರಗೀತೆಗೆ ಗಟ್ಟಿಯಾಗಿ ದನಿಗೂಡಿಸುವುದು ಎರಡು ಫ್ಯಾನು.

"ಅಂಕಲ್, ಆರಾಧನೆ ಅಂದ್ರೆ ದೇವರಿಗೆ ಕೆಲಸ ಹಚ್ಚಾದಾ?" ಎಂದು ಒಮ್ಮೆ ಮೋನಿಕಾ ಅವರದೇ ದನಿಯಲ್ಲಿ ಕೇಳಿದ್ದಳು.

"ಕ್ರಿಸ್ಮಸ್ ನಾಟಕದಾಗೂ ನನ್ನ ಅಣಕಿಸ್ದೆ," ಎಂದಿದ್ದರು ಕನಕರಾಜ್. "ಇನ್ನೊಂದ್ಸಲ ಮಾಡು, ಕೀಬೋರ್ಡಿಗೆ ಬೇರೆಯವರನ್ನ ಕೂರಿಸ್ತೀನಿ."

ಕಾಲೇಜು ಮುಗಿಸಿ ಊರಲ್ಲೇ ಉಳಿದ ಮೋನಿಕಾಗೆ ವಾರಕ್ಕೊಮ್ಮೆ ಜೀವ ಬರುತ್ತಿದ್ದುದೇ ಆ ಕೀಬೋರ್ಡಿನ ಮುಂದೆ. ಎರಡು ತಿಂಗಳು ಬಾಯಿಗೆ ಬೀಗ.

ಆ ಭಾನುವಾರ ಐದು ಚರಣದ ಹೊಸ ಸ್ತೋತ್ರ ಸಿದ್ಧವಿತ್ತು. ಪ್ರಾರ್ಥನೆ ಹೊಸದುರ್ಗ ಬಿಟ್ಟು ಹೊಳಲ್ಕೆರೆಗೆ ಬಂತು. ಹಿಂದಿನ ಸಾಲಲ್ಲಿ ಸರಪರ ಶುರುವಾಯಿತು. ಕನಕರಾಜ್ ಕೆಮ್ಮಿ, ಉಸಿರಿಗೆಂದು ನಿಂತರು. ಮೋನಿಕಾ ತಲೆ ಬಗ್ಗಿಸಿದಳು. ಹೊರಬಂದದ್ದು ಅವರದೇ ಗೊಗ್ಗರು ದನಿ:

"ಉಳಿದದ್ದು ನಿನಗೇ ಗೊತ್ತೈತೆ ತಂದೆಯೇ. ಕೇಳಾಕಲ್ಲ, ನಿನ್ನ ಕೊಂಡಾಡಾಕೆ ಬಂದೀವಿ. ಯೇಸುವಿನ ಹೆಸರಿನಲ್ಲಿ, ಆಮೆನ್."

"ಆಮೆನ್," ಎಂದಿತು ಸಭೆ. ಅರವತ್ತು ವರ್ಷದ ರೂಢಿ, ಎಲ್ಲರಿಗಿಂತ ಗಟ್ಟಿಯಾಗಿ ಕನಕರಾಜರೂ ಅಂದರು. ಅಂದ ಮೇಲೆ ಕಣ್ಣು ಬಿಟ್ಟರು. ಅಷ್ಟರಲ್ಲಿ ಹಾಡು ಎದ್ದಿತ್ತು. ಚಪ್ಪಲಿ ಕೈಲಿದ್ದವರು ಚಪ್ಪಲಿ ಸಮೇತ ಹಾಡಿದರು, ಐದೂ ಚರಣ. ಮೂರನೆಯದರ ಹೊತ್ತಿಗೆ ಕನಕರಾಜರ ತುಟಿಯೂ ಅಲುಗುತ್ತಿತ್ತು.

ಬಾಗಿಲಲ್ಲಿ ಪಾಸ್ಟರು ಅವರ ಕೈ ಕುಲುಕಿದರು. "ನಾನು ವರ್ಷವೆಲ್ಲ ಬೋಧಿಸಿದ್ದನ್ನ ನೀವು ಎರಡು ಮಾತಲ್ಲಿ ಮುಗಿಸಿದ್ರಿ."

"ದೇವರಿಗೂ ಒಂದಿಷ್ಟು ತಿಳಿವಳಿಕೆ ಐತೆ ಅಂತ ಇವತ್ತು ಒಪ್ಕಂಡ್ರಲ್ಲ," ಎಂದರು ಕನಕರಾಜರ ಹೆಂಡತಿ ರೇಣುಕಮ್ಮ.

ಕನಕರಾಜ್ ಮೋನಿಕಾಳನ್ನೇ ದುರುಗುಟ್ಟಿದರು. ಅವಳೇ ಮುಂದೆ ಬಂದಳು. "ತಪ್ಪಾತು ಅಂಕಲ್. ಬೇರೆಯವರನ್ನ ಕೂರಿಸ್ರಿ."

"ಹೆಂಗೆ ಕೂರಿಸ್ಲಿ? ನೀನು ನನ್ನ ದನೀಲಿ ಮಾಡಿದ ಪ್ರಾರ್ಥನೆಗೆ ನಾನೇ ಆಮೆನ್ ಅಂದೀನಿ. ದೇವರ ಮುಂದೆ ಒಪ್ಪಿದ್ದನ್ನ ವಾಪಸ್ ತಗಳಾಕೆ ಬರ್ತೈತೇನಲೇ?"

ಮೊದಲು ಅವರ ಮೀಸೆ ಕುಣಿಯಿತು, ಆಮೇಲೆ ಹೊಟ್ಟೆ. ಸಂಗತಿ ತಿಳಿದು ಪಾಸ್ಟರು ನಕ್ಕರು, ರೇಣುಕಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಕನಕರಾಜರ ನಗುವಿಗೆ ಮಾತ್ರ ಪ್ಲಾಟ್‌ಫಾರ್ಮಿಗೆ ಓಡುತ್ತಿದ್ದವರೂ ನಿಂತು ತಿರುಗಿ ನೋಡಿದರು.